ಹರಿಗೋಲಿನಲ್ಲಿ ಮಾವನ ಎದುರು

ಉಮ್ಮತ್ತೂರಿನ ಸೊಸೆ ಪುಟ್ಟಮಲ್ಲಮ್ಮನಿಗೆ ನೀರೆಂದರೆ ಜೀವಭಯ. ಮಾವ ಶಿವಮಲ್ಲಪ್ಪನವರೆಂದರೆ ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು. ಮಾವನ ಎದುರು ಸೊಸೆ ಕೂರುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಅವರ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಬಾಯಿಗಿಟ್ಟ ತುತ್ತನ್ನೂ ಅಗಿಯದೆ ಎದ್ದು ಬಾಗಿಲ ಮರೆಗೆ ನಿಲ್ಲುವಳು.

ಐವತ್ತಾರರ ಮಳೆಗಾಲದ ಕೊನೆಗೆ, ತವರಿನಲ್ಲಿ ಬಾಣಂತನ ಮುಗಿಸಿದ ಅವಳನ್ನೂ ಕೂಸನ್ನೂ ಕರೆದೊಯ್ಯಲು ಮಾವನೇ ಬಂದರು. ಗಾಡಿ ದಾರಿ ಕೊಚ್ಚಿಹೋಗಿತ್ತು. ನಾಲೆಯಲ್ಲಿ ಹರಿಗೋಲು ಹತ್ತಿ, ಹೊಳೆಗಿಳಿದು, ಆಚೆ ದಡ ಸೇರಬೇಕು. ಬಿದಿರ ಬುಟ್ಟಿಗೆ ಚರ್ಮ ಹೊದಿಸಿದ ಆ ಹರಿಗೋಲಿನಲ್ಲಿ ಮಾವ ಕೂತರು, ಸೊಸೆ ಕೂಸನ್ನು ಅವಚಿಕೊಂಡು ನಿಂತೇ ಇದ್ದಳು.

ಹುಟ್ಟು ಹಾಕುವ ಚಿಕ್ಕಮಾದಯ್ಯ, "ಕುಂತ್ಕಳಿ ಅವ್ವಾ. ಅರಿಗೋಲ್ಗೆ ಮಾವ ಸೊಸೆ ಅಂತ ಗೊತ್ತಾಗಾಕಿಲ್ಲ" ಎಂದ. ಕೊನೆಗೆ ಮಾವನಿಗೆ ಬೆನ್ನು ಮಾಡಿ, ಸೆರಗು ಎಳೆದುಕೊಂಡು ಕೂತಳು.

ನಾಲೆಯ ಎರಡೂ ಕಡೆ ಭತ್ತ ಹಸಿರಾಗಿತ್ತು, ಕೇದಗೆ ಘಮಘಮಿಸುತ್ತಿತ್ತು. ಕಣ್ಣು ಮುಚ್ಚಿ ಮಾದೇಶ್ವರನಿಗೆ ಹರಕೆ ಹೊರುತ್ತಿದ್ದವಳಿಗೆ ಅದೆಲ್ಲ ಎಲ್ಲಿ ಕಾಣಬೇಕು? ಹೊಳೆಗಿಳಿದದ್ದೇ ಹರಿಗೋಲು ಗಿರ್ರನೆ ತಿರುಗಿತು. ಕೂಸು ಕಿಟಾರನೆ ಕಿರುಚಿತು. ಏನಾಯಿತೋ ಎಂದು ಮಾವ ಜರುಗಿ ಬಂದು ಅವಳ ಮುಂದೆ ಬಗ್ಗಿದರು. ಎದುರಿಗೆ ಮಾವನ ಮುಖ ಕಂಡದ್ದೇ ತಡ, ಪುಟ್ಟಮಲ್ಲಮ್ಮ ದಡಕ್ಕನೆ ಎದ್ದುಬಿಟ್ಟಳು.

ಹರಿಗೋಲು ವಾಲಿತು. ನೀರು ಒಳನುಗ್ಗಿತು. ಕೂಸು ತೋಳಿನಿಂದ ಜಾರಿತು. ಅದರ ಕುಲಾವಿಯ ಜೊತೆಗೆ ಅವಳ ಜೀವವೂ ನೀರಿಗೆ ಬಿದ್ದಂತಾಯಿತು. ಮಾವ ಒಂದು ಕೈಯಲ್ಲಿ ಕೂಸಿನ ಕಾಲು ಹಿಡಿದರು, ಇನ್ನೊಂದರಲ್ಲಿ ಸೊಸೆಯ ರಟ್ಟೆ ಹಿಡಿದು ಕೆಳಕ್ಕೆ ಜಗ್ಗಿದರು.

"ಕುಂತ್ಕೊಳವ್ವ. ನನ್ನ ಮರ್ವಾದೆಗಿಂತ ಕೂಸು ದೊಡ್ದು."

ಅವರು ಅವಳೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಆಡಿದವರೇ ಕೂಸನ್ನು ಅವಳ ಮಡಿಲಿಗಿಟ್ಟು, ಒಳಗೆ ತುಂಬಿದ ನೀರನ್ನು ಬೊಗಸೆಯಲ್ಲಿ ಹೊರಚೆಲ್ಲತೊಡಗಿದರು.

ಸಂಜೆ ತೊಟ್ಟಿಮನೆಯಲ್ಲಿ ಕೂಸು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು. ಮಾವ ಒಳಗೆ ಬಂದರು. ಅತ್ತೆ ಶಿವರುದ್ರಮ್ಮ ಏಳೆಂದು ಕಣ್ಸನ್ನೆ ಮಾಡಿದರು. ನೀರಿನ ಮೇಲೆ ಆಡಿದ ಮಾತು ನೆಲದ ಮೇಲೂ ನಡೆಯುತ್ತದೆಯೇ ಎಂಬುದು ಅವಳಿಗೆ ತಿಳಿಯದು. ಆದರೂ ಕೂಸನ್ನು ಒತ್ತಿ ಹಿಡಿದು ಕೂತೇ ಇದ್ದಳು. ಅತ್ತೆ ಗದರಲು ಬಾಯಿ ತೆರೆದರು.

"ಕುಂತಿರ್ಲಿ ಬುಡು," ಎಂದರು ಮಾವ.

ಹೊಳೆಯಲ್ಲಿ ಬಾರದಿದ್ದ ಅಳು ಪುಟ್ಟಮಲ್ಲಮ್ಮನಿಗೆ ಆಗ ಬಂತು.