ಮಡಹಾಗಲದ ಮೇಡಂ

ಅವರ ಮೂಗಿನ ತುದಿಗೆ ಸದಾ ಒಂದಿಷ್ಟು ಹಳದಿ ಪುಡಿ ಅಂಟಿರುತ್ತಿತ್ತು. ಸಂಜೆ ಅರಳುವ ಮಡಹಾಗಲದ ಹೂಗಳನ್ನು ಒಂದೊಂದಾಗಿ ಮೂಸಿ ನೋಡುವುದು ಅವರ ಅಭ್ಯಾಸ. ಆ ಪರಾಗವನ್ನು ಹೊತ್ತುಕೊಂಡೇ ಟಿ.ಬಿ. ಡ್ಯಾಂ ಬಸ್ಸು ಹತ್ತುತ್ತಿದ್ದರು. ಒರೆಸಿಕೊಳ್ಳಿ ಎಂದರೆ, "ಇರ್ಲಿ ಬಿಡ್ರಿ, ಮನಿ ಮುಟ್ಟೋತನಕ ವಾಸ್ನಿ ಬರ್ತೈತಿ" ಎನ್ನುತ್ತಿದ್ದರು.

ನಾವು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಹೊಸ ತಳಿ ಕಟ್ಟುವ ಸಸ್ಯ ವಿಜ್ಞಾನಿ. ನಿವೃತ್ತರಾದ ಮೇಲೆ ಡ್ಯಾಂ ಬಳಿ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಕಂಪ್ಲಿ ರಸ್ತೆಯ ಕಾಲುವೆ ಪಕ್ಕ ನಮ್ಮದೊಂದು ನರ್ಸರಿ, ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿ ಮಾರುತ್ತೇವೆ. ಒಂದು ಬೇಸಿಗೆಯಲ್ಲಿ ಮೇಡಂ ಬಂದು ನರ್ಸರಿ ಹಿಂದಿನ ಖಾಲಿ ಜಾಗ ಕೇಳಿದರು. ಮಡಹಾಗಲ ಬೆಳೆಸಲಿಕ್ಕೆ ಎಂದಾಗ ನಮ್ಮತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಗುಡ್ಡದಲ್ಲಿ ತಾನಾಗಿ ಹಬ್ಬುವ ಬಳ್ಳಿಯನ್ನು ಯಾರಾದರೂ ಬೆಳೆಸುತ್ತಾರೆಯೇ?

ಹಾಗೆಂದು ಬೇಡಿಕೆಗೇನೂ ಕಮ್ಮಿಯಿಲ್ಲ. ಮಳೆಗಾಲದಲ್ಲಿ ಸಂಡೂರು ಕಡೆಯ ಹೆಂಗಸರು ಬುಟ್ಟಿಯಲ್ಲಿ ಹೊಸಪೇಟೆಗೆ ತಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಕಂಪ್ಲಿಯ ತೆಲುಗು ಮನೆಗಳವರು ತಮ್ಮ ಮಾತಿನಲ್ಲಿ ಆಗಾಕರ ಎನ್ನುತ್ತ ಮುಗಿಬೀಳುತ್ತಾರೆ. ಆದರೂ ಯಾಕೆ ಹೊಲಕ್ಕೆ ಹಾಕುವುದಿಲ್ಲ ಎಂಬುದನ್ನು ಮೇಡಂ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು. ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು. ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯದು. ಹೊಲದ ತುಂಬ ಗಂಡೇ ಹಬ್ಬಿದರೆ ಬೆಳೆದವನ ಗತಿಯೇನು? ಅದಕ್ಕೇ ಅವರೂ ಅವರ ಜೊತೆಯವರೂ ಗುಡ್ಡಗುಡ್ಡದ ಬಳ್ಳಿಗಳ ಜೀನೋಮ್, ಅಂದರೆ ವಂಶದ ಇಡೀ ಬರಹವನ್ನು ಲ್ಯಾಬಿನಲ್ಲಿ ಓದಿಸಿ, ಗಂಡಿನಲ್ಲಿ ಮಾತ್ರ ಇರುವ ಒಂದು ಗುರುತನ್ನು ಹುಡುಕಿದ್ದರು. ಇನ್ನು ಸಸಿಗೆ ಎರಡೆಲೆ ಬಂದರೆ ಸಾಕು. ಎಲೆಯ ಒಂದು ಚೂರು ಕಳಿಸಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತಿತ್ತು.

ಅತ್ತೆಯ ನಗು ನಿಂತಿತು. ಆಗ ನಾನು ಮೂರು ತಿಂಗಳ ಬಸುರಿ. ಮೊದಲನೆಯದು ಹೆಣ್ಣು. ರಾಜ್ಯದ ಗಡಿಯಾಚೆ ಯಾವುದೋ ಊರಲ್ಲಿ ಗುಟ್ಟಾಗಿ ಸ್ಕ್ಯಾನ್ ಮಾಡಿ ಹೇಳುತ್ತಾರಂತೆ ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು. ಹೆಣ್ಣೆಂದು ಬಂದರೆ ಮುಂದೇನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಗಂಡ ಅವ್ವ ಹಾಕಿದ ಗೆರೆ ದಾಟುವವರಲ್ಲ. ನಾನು ಒಳಗೊಳಗೇ ಹೆದರಿ ಸಾಯುತ್ತಿದ್ದೆ.

ಒಂದು ದಿನ ಮೇಡಂ ಎಲೆಯ ಚೂರುಗಳನ್ನು ಪುಟ್ಟ ಕವರುಗಳಿಗೆ ತುಂಬುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಕೂತು ದನಿ ತಗ್ಗಿಸಿದರು.

"ಯಮ್ಮಾ, ಎಲಿ ಕಳಿಸ್ತೀರಲ್ಲ, ಅದರ ಜೋಡಿ ನಮ್ ಸೊಸೀದೂ ಒಂದೀಟು ರಕ್ತ ಕಳಿಸ್ರಿ. ಹೆಂಗೂ ಅಲ್ಲಿ ನೋಡೇ ನೋಡ್ತಾರ."

ನಾನು ಬಾಗಿಲಲ್ಲೇ ನಿಂತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಡಂ ಬೈಯಲಿಲ್ಲ, ಕಾನೂನು ಹೇಳಲಿಲ್ಲ. ಕವರಿನ ಬಾಯಿ ಅಂಟಿಸುತ್ತ, "ಇದರಾಗ ಹೆಣ್ಣು ಅಂತ ಬಂದ್ರ ನಾವು ಜ್ವಾಪಾನ ಮಾಡ್ತೀವ್ರಿ. ನೀವು?" ಎಂದರು. ಅತ್ತೆ ಸೆರಗು ಕೊಡವಿ ಎದ್ದು ಹೋದರು.

ಮರುದಿನ ಮೇಡಂ ಏನೂ ಆಗಿಲ್ಲವೆಂಬಂತೆ ಬಂದು ಅತ್ತೆಯನ್ನೇ ಕೆಲಸಕ್ಕೆ ಕರೆದರು. "ಸಂಜೀಕ ನನಗ ಕಣ್ಣು ಮಂಜಾಕ್ಕಾವ. ಒಂದ್ ತಾಸು ಜೋಡಿ ಬರ್ರಿ." ಬೇಕೆಂದೇ ಕರೆದರೋ ಏನೋ, ನಾನು ಕೊನೆಯವರೆಗೂ ಕೇಳಲಿಲ್ಲ.

ಆ ಮಳೆಗಾಲದ ಸಂಜೆಗಳು ನಿಜವಾಗಿ ನಡೆದವೋ ನಾನೇ ಕಂಡ ಕನಸೋ ಎಂದು ಈಗಲೂ ಅನುಮಾನ. ಡ್ಯಾಂ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಸಂಡೂರಿನ ಗುಡ್ಡಗಳು ನೀಲಿಯಾಗಿ ಕರಗಿ, ಮೋಡ ಎಲ್ಲಿ, ಗುಡ್ಡ ಎಲ್ಲಿ ತಿಳಿಯುತ್ತಿರಲಿಲ್ಲ. ಚಪ್ಪರದಲ್ಲಿ ಹೂಗಳು ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತಿದ್ದವು. ಆ ಹಳದಿಯ ನಡುವೆ ಇಬ್ಬರು ಹೆಂಗಸರು ನೆಲಕ್ಕೆ ಕಾಲು ತಾಗಿಸದವರಂತೆ ಓಡಾಡುತ್ತಿದ್ದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತ ಕೂತಿರುತ್ತಿದ್ದೆ.

ಸಂಡೂರು ಗುಡ್ಡದ ದಪ್ಪಕಾಯಿಯ ಹೆಣ್ಣುಬಳ್ಳಿಗೆ ದರೋಜಿ ಕಡೆಯ ಗಂಡುಬಳ್ಳಿಯ ಪರಾಗ ಸೋಕಿಸುವುದು ಅವರ ಕೆಲಸ. ಒಂದರಿಂದ ಗಾತ್ರ, ಇನ್ನೊಂದರಿಂದ ಕಾಲುವೆ ನೀರಿಗೂ ಕೊಳೆಯದ ಬೇರುಗೆಡ್ಡೆ ಬರಲಿ ಎಂಬುದು ಮೇಡಂ ಆಸೆ. ಆದರೆ ಸೋಕಿಸಿದ ಹೂಗಳೆಲ್ಲ ಬೆಳಗಾದರೆ ಉದುರುತ್ತಿದ್ದವು. ಅತ್ತೆಗೆ ಚಡಪಡಿಕೆ. ಮೇಡಂ ಮಾತ್ರ ನಗುತ್ತಿದ್ದರು: "ಮೈ ಹೊಲಕ್ಕ ಬಂದೈತಿ, ಮನಸು ಇನ್ನಾ ಗುಡ್ಡದಾಗ ಐತಿ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ?" ಕ್ರಮೇಣ ಅತ್ತೆ ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಹೆಣ್ಣುಬಳ್ಳಿ ನೋಡಿ ಬರತೊಡಗಿದರು. ಸಂಜೆ ಬಳ್ಳಿ ಬಿಟ್ಟು ಹೋಗುವುದು ಹೇಗೆಂದು ಗಡಿಯಾಚೆಯ ಪ್ರಯಾಣವನ್ನು ಒಮ್ಮೆ ಮುಂದೂಡಿದರು. ನಿಂತಿತೆಂದು ಮಾತ್ರ ನಾನು ನಂಬಲಿಲ್ಲ.

ಕೊನೆಗೂ ಒಂದು ಬಳ್ಳಿಯಲ್ಲಿ ಒಂದು ಮುಷ್ಟಿಯಷ್ಟು ಕಾಯಿಗಳು ಕಟ್ಟಿದವು. ಅವು ಹಣ್ಣಾಗಿ ಬೀಜ ಸಿಕ್ಕರೆ ಮೇಡಂ ದುಡಿಮೆ ಕೈಗೂಡಿದಂತೆ. ಅದನ್ನು ಅತ್ತೆಗಾಗಲಿ ನನಗಾಗಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಅಷ್ಟನ್ನೂ ಕೊಯ್ದು, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿ, ರೊಟ್ಟಿಯೊಂದಿಗೆ ನನ್ನ ಮುಂದಿಟ್ಟರು.

"ತಿನ್ನು. ಮದಲನೇ ಕಾಯಿ ಬಸುರಿ ಬಾಯಿಗೆ ಬೀಳಬೇಕು. ಒಳಗಿರೋದು ಯಾವುದಾರ ಇರ್ಲಿ, ಹಸದಿರಬಾರ್ದು."

ನನ್ನ ಕಣ್ಣು ತುಂಬಿ ಬಂತು. ಖಾರ ಜಾಸ್ತಿಯಾಯಿತೇನೋ ಎಂದು ಅತ್ತೆ ನೀರು ಕೊಟ್ಟರು.

ಸಂಜೆ ಮೇಡಂ ಬಂದು ನೋಡಿದರೆ ಬರೀ ತೊಟ್ಟು. ಬದುವಿನ ಮೇಲೆ ಕೂತುಬಿಟ್ಟರು. ಅವು ಬೀಜಕ್ಕೆ ಬೇಕಿದ್ದ ಕಾಯಿ ಎಂದು ತಿಳಿದ ಅತ್ತೆ, "ಭಾಳ ತಪ್ಪಾತು ಯಮ್ಮಾ" ಎಂದು ಅವರ ಕೈ ಹಿಡಿದುಕೊಂಡರು. ಮಧ್ಯಾಹ್ನ ಪಲ್ಯ ಬಡಿಸುವಾಗ ಅತ್ತೆ ಆಡಿದ್ದ ಮಾತನ್ನು ನಾನು ಮೇಡಂಗೆ ಇದ್ದ ಹಾಗೆಯೇ ಹೇಳಿದೆ. ಮೇಡಂ ಅತ್ತೆಯನ್ನೊಮ್ಮೆ ನೋಡಿದರು. ಆಮೇಲೆ ನನ್ನತ್ತ ತಿರುಗಿ, "ರುಚಿ ಹೆಂಗಿತ್ತವ್ವಾ?" ಎಂದರು.

"ಮಸ್ತ್ ಇತ್ರಿ."

"ಹಂಗಾದ್ರ ಅದು ಬೆಳಿ ಆತು ಬಿಡು. ಗುಡ್ಡದ ಕಾಯಿ ಸಿಕ್ಕೋರಿಗೆ ಸೀರುಂಡೆ. ಬೆಳಿ ಅಂದ್ರ ಒಬ್ರು ಇನ್ನೊಬ್ರಿಗಂತ ಕೊಯ್ಯೋದು. ಬೀಜ ಮುಂದಿನ ವರ್ಷ ಮಾಡೂಣು."

ಅವರ ವಯಸ್ಸಿನಲ್ಲಿ ಒಂದು ವರ್ಷ ಸಣ್ಣದಲ್ಲ. ಅದನ್ನು ನನ್ನ ತಟ್ಟೆಗೆ ಬಿಟ್ಟುಕೊಟ್ಟರು. ಗಡಿಯಾಚೆಯ ಮಾತು ಮತ್ತೆ ಏಳಲಿಲ್ಲ. ಹುಟ್ಟಿದ್ದು ಹೆಣ್ಣು. ಮುಂದಿನ ಮಳೆಗಾಲದಲ್ಲಿ ಬೀಜವೂ ಆಯಿತು; ಈಗ ಕಂಪ್ಲಿ ಸುತ್ತ ಕೆಲವರ ಚಪ್ಪರಗಳಲ್ಲಿ ಆ ಬಳ್ಳಿ ಹಬ್ಬಿದೆ.

ಹೋದ ವರ್ಷ ಶ್ರಾವಣದಲ್ಲಿ ಮೇಡಂ ನಿದ್ದೆಯಲ್ಲೇ ಹೋದರು. ಎಲ್ಲರೂ ಹಿಡಿಮಣ್ಣು ಹಾಕುವ ಹೊತ್ತಿಗೆ ಅತ್ತೆ ನನ್ನ ಚಿಕ್ಕ ಮಗಳ ಕೈ ಹಿಡಿದುಕೊಂಡು ಮುಂದೆ ಬಂದರು. ಮೇಡಂ ಸಂಬಂಧಿಕರಲ್ಲಿ ಹಿರಿಯರೊಬ್ಬರು, "ಸಣ್ಣ ಕೂಸು, ಅದೂ ಹೆಣ್ಣು. ಆಕೀದೇನೈತಿ ಇಲ್ಲಿ? ಹಿಂದ ಕರ್ಕೊಳ್ರಿ" ಎಂದರು.

ಅತ್ತೆ ಅಲುಗಲಿಲ್ಲ. "ಎಲ್ಲಾರಿಗಿಂತ ಮದಲು ಈಕಿ ಮಣ್ಣು ಹಾಕಬೇಕ್ರೀ. ಯಾಕ ಅಂತ ನನಗ್ಗೊತ್ತು" ಎಂದರು.

ಮಗು ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡಿತು.