ಕಣ್ಣು ಮುಚ್ಚಿ ಹೇಳಿದ ಚಾಡಿ

ನಮ್ಮ ಚರ್ಚಿನ ಸಭೆಯವರು ಬೆನ್ನ ಹಿಂದೆ ರೇಡಿಯೊ ಎಂದು ಕರೆಯುತ್ತಿದ್ದ ಹೆಂಗಸು ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಚಾಡಿ ಹೇಳುವುದು ಪಾಪವೆಂದು ಬಲ್ಲವಳಾದ್ದರಿಂದ ಆಕೆ ಅದನ್ನು ದೇವರಿಗೇ ಹೇಳುತ್ತಿದ್ದಳು, ಹಿಂದಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ. ಯಾರ ಮನೆಗೆ ಕಷ್ಟ ಬಂದರೂ ಸಾಂತ್ವನ ಹೇಳಲು ಮೊದಲು ಓಡುವವಳು ಅವಳೇ. ಕಣ್ಣೊರೆಸಿ, ಬಾಯಿ ಬಿಡಿಸಿ, ಬುಧವಾರದ ಪ್ರಾರ್ಥನಾಕೂಟದಲ್ಲಿ ಎಲ್ಲವನ್ನೂ ಕಕ್ಕುವಳು.

"ಕರ್ತನೇ, ನಮ್ಮ ಟೈಲರ್ ಹೆಂಡತೀನ ಸಂತೈಸಪ್ಪಾ. ಪಾಪ, ಗಂಡ ಮತ್ತೆ ಕುಡೀತಿದಾನೆ, ಹೊಡೀತಾನೂ ಇದಾನೆ."

ಅಲ್ಲೇ ಕೂತಿದ್ದ ಟೈಲರನ ಹೆಂಡತಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಸಭೆಯೋ, ಮಹಾಭಕ್ತಿಯಿಂದ ಕಿವಿ ನಿಮಿರಿಸಿ, ಆಮೆನ್ ಅಂದಿತು.

ಮೊನ್ನೆ ಈ ರೇಡಿಯೊ ಹೆಂಗಸಿನ ಮದುವೆಯಾದ ಮಗಳು ಪೆಟ್ಟಿಗೆ ಹಿಡಿದು ತವರಿಗೆ ಬಂದಳು. ಬಂದದ್ದನ್ನು ಬೀದಿಯೆಲ್ಲ ನೋಡಿತು. ಯಾಕೆಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಆ ಬುಧವಾರ ಪ್ರಾರ್ಥನೆಯ ಸರದಿ ಬಂದಾಗ ತಾಯಿ 'ಕರ್ತನೇ' ಎಂದು ಶುರುಮಾಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೂಟವೆಲ್ಲ ಬಾಯಿ ಚಪ್ಪರಿಸುತ್ತ ಕಾಯಿತು.

ಟೈಲರನ ಹೆಂಡತಿ ಎದ್ದು ಬಂದು ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು.

"ಸುಮ್ನಿರಿ ಅಕ್ಕ, ಏನೂ ಹೇಳ್ಬೇಡಿ. ದೇವರಿಗೆ ಗೊತ್ತಿದೆ. ಇವರಿಗ್ಯಾಕೆ?"