ಭೂಕಂಪ ಮತ್ತು ಅಜ್ಜಿಯ ಹಪ್ಪಳ

ಹಲಸಿನ ಹಪ್ಪಳ ಕರಿಯುವ ವಾಸನೆ ಬಂದರೆ ಸಾಕು, ಇನ್ನಂಜೆಯ ನಮ್ಮ ಮನೆ ಕಣ್ಣೆದುರು ಗಡಗಡ ನಡುಗುತ್ತದೆ. ನಾನು ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ಭೂಮಿಯೇ ಅದುರಿ ಗೋಡೆ ಬಿರಿಯಿತು, ಹಂಚುಗಳು ಜಾರತೊಡಗಿದವು. ಅಪ್ಪ ನನ್ನನ್ನೆತ್ತಿಕೊಂಡು ಹೊರಗೆ ಓಡಿದರೆ, ಬಾಗಿಲಲ್ಲಿ ಮಹಾಕಾಳಿಯಂತೆ ಕೈ ಚಾಚಿ ನಿಂತಿದ್ದರು ಅಜ್ಜಿ. ಅಂಗಳದ ತುಂಬ ಒಣಗಲು ಹಾಕಿದ ಹಪ್ಪಳ.

“ಅಮ್ಮಾ, ಮನೆ ಬೀಳ್ತಾ ಉಂಟು.”

“ಬೀಳಲಿ. ಹಪ್ಪಳ ಮೆಟ್ಟಬೇಡ, ಬದಿಯಿಂದ ಹೋಗು.”

ಅಪ್ಪ ಮಹಾಶಯರು ನಿಜಕ್ಕೂ ಬದಿಯಿಂದಲೇ, ಹಂಚು ಜಾರುತ್ತಿದ್ದ ಮಾಡಿನ ಅಂಚಿನ ಕೆಳಗೇ, ತುದಿಗಾಲಿನಲ್ಲಿ ನಡೆದರು. ಹಂಚೊಂದು ನನ್ನ ಕಿವಿ ಸವರಿ ಹಪ್ಪಳದ ನಡುವೆ ಬಿದ್ದು ಪುಡಿಯಾಯಿತು.

ನಡುಕ ನಿಂತಿತು. ಅಜ್ಜಿ ನನ್ನ ತಲೆ ಮುಟ್ಟಿ ನೋಡುತ್ತಾರೆಂದು ಕಾದೆ. ಅವರು ಹಂಚಿನ ಚೂರು ಹೆಕ್ಕುತ್ತ ಗೊಣಗಿದರು: “ಎಂತ ಭೂಕಂಪ ಮಾರಾಯ, ಒಣಗಿದ ಮೇಲೆ ಬರಲಿಕ್ಕೆ ಆಗ್ತಿರಲಿಲ್ವಾ?”

ಇಂದು ಮಣಿಪಾಲದ ಫ್ಲಾಟಿನಲ್ಲಿ ಹೆಂಡತಿ ಹಪ್ಪಳ ತಂದಿಟ್ಟಳು. ನಾನು ಮೊದಲು ತಲೆಯೆತ್ತಿ ಮೇಲೆ ನೋಡಿದೆ.

“ಎಂತ, ಹಲ್ಲಿ ಉಂಟಾ?” ಎಂದಳು.